ಬಿಚ್ಚಿ ನೋಡಿ ಬರೆದದ್ದು

ಫೆಬ್ರವರಿ ೯

ದೊಡ್ಡಪ್ಪನಿಗೆ,

ಸಿಟ್ಟೊಂದನ್ನು ಬಿಟ್ಟರೆ ನಾನು ಇಲ್ಲಿ ಆರಾಮವಾಗಿದ್ದೇನೆ. ಸಿಟ್ಟು ನಿಮ್ಮ ಮೇಲೆ. ಹೋದ ತಿಂಗಳು ಅಪ್ಪನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಬಟ್ಟೆ ಕಾರ್ಖಾನೆಯ ಕೆಲಸ ಬಿಟ್ಟು ಬ್ಲಾಗ್ ಬರೆಯುತ್ತೇನೆ ಎಂದೆ. ನೀವು ತಲೆ ಎತ್ತದೆ, "ಅಂದ್ರೆ ದಲ್ಲಾಳಿ ಕೆಲಸ ಅನ್ನು" ಅಂದಿರಿ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನಾನೂ ನಕ್ಕೆ, ಆದರೆ ಆ ತುತ್ತು ಇನ್ನೂ ಗಂಟಲಲ್ಲೇ ಇದೆ. ಫೋನಿನಲ್ಲೇ ಜಗಳ ಮುಗಿಸೋಣ ಎಂದರೆ ನಿಮ್ಮ ಎಡಗಿವಿಗೆ ಪೂರ್ತಿ ರಜೆ, ಬಲಗಿವಿಗೆ ಅರ್ಧ ದಿನದ ಕೆಲಸ. ನಾನು "ಗೇರು" ಎಂದರೆ ನೀವು "ಯಾರು" ಎನ್ನುತ್ತೀರಿ. ಅದಕ್ಕೇ ಈ ಕಾಗದ.

ನನ್ನ ಕೆಲಸ ಏನೆಂದು ಸರಿಯಾಗಿ ಹೇಳುತ್ತೇನೆ, ಆಮೇಲೆ ಏನು ಬೇಕಾದರೂ ಕರೆಯಿರಿ. ಹೊಲಿಗೆ ಕಲಿಯುವವರಿಗಾಗಿ "ಸೂಜಿಮನೆ" ಎಂಬ ಬ್ಲಾಗ್ ಮಾಡಿದ್ದೇನೆ. ನೀವು ನನಗಿಟ್ಟ "ಸೂಜಿ" ಎಂಬ ಅಡ್ಡಹೆಸರನ್ನೇ ಅದಕ್ಕೂ ಇಟ್ಟೆ. ಯಾವ ಬಟ್ಟೆಗೆ ಯಾವ ಸೂಜಿ, ದಾರ ಯಾಕೆ ಗಂಟಾಗುತ್ತದೆ, ಮೊದಲ ಸಲ ಮೆಷಿನ್ ಕೊಳ್ಳುವವರು ಏನು ನೋಡಬೇಕು, ಇಂಥವನ್ನು ಬರೆಯುತ್ತೇನೆ. ಮೆಷಿನ್ ಬಗ್ಗೆ ಬರೆದಾಗ ಕೆಳಗೆ ಅಂಗಡಿಯ ಕೊಂಡಿ ಹಾಕುತ್ತೇನೆ. ಓದಿದವರು ಅದನ್ನು ಒತ್ತಿ ಅಲ್ಲಿ ಕೊಂಡರೆ ಅಂಗಡಿಯವರು ನನಗೊಂದು ಸಣ್ಣ ಪಾಲು ಕೊಡುತ್ತಾರೆ. ಕೊಳ್ಳುವವರಿಗೆ ಬೆಲೆ ಹೆಚ್ಚಾಗುವುದಿಲ್ಲ. ಇದನ್ನು ನಾನು ಮುಚ್ಚಿಟ್ಟಿಲ್ಲ. ಪುಟದ ಮೊದಲ ಸಾಲಿನಲ್ಲೇ, "ಇಲ್ಲಿಂದ ನೀವು ಕೊಂಡರೆ ನನಗೆ ಪಾಲು ಬರುತ್ತದೆ, ತಿಳಿದಿರಲಿ" ಎಂದು ಬರೆದಿದ್ದೇನೆ. ಯಾವ ದಲ್ಲಾಳಿ ಹೀಗೆ ಡಂಗುರ ಹೊಡೆದುಕೊಂಡು ವ್ಯಾಪಾರ ಮಾಡುತ್ತಾನೆ, ನೀವೇ ಹೇಳಿ.

ಈಗ ನಿಮ್ಮ ಹತ್ತಿರ ಒಂದು ಕೇಳುವುದಿದೆ. ಸಿಟ್ಟಿದ್ದರೂ ಕೇಳುತ್ತೇನೆ. ಶಾಲೆಯ ರಜೆಯಲ್ಲಿ ನಿಮ್ಮ ಹೊಲಿಗೆ ಮೆಷಿನ್ ರಿಪೇರಿ ಅಂಗಡಿಗೆ ಬರುತ್ತಿದ್ದೆನಲ್ಲ, ಆಗ ನನಗಿದ್ದ ಕೆಲಸ ಚೀಟಿ ಕಟ್ಟುವುದು. ಬಂದ ಪ್ರತಿ ಮೆಷಿನ್ನಿನ ಚಕ್ರಕ್ಕೆ ದಾರದಲ್ಲಿ ಕಟ್ಟುವ ಚೀಟಿ: "ಬಿಚ್ಚಿ ನೋಡಿದೆ", ಕೆಳಗೆ ತಾರೀಖು. ಆ ಚೀಟಿ ಬೀಳುವ ತನಕ ಗಿರಾಕಿ ತಲೆಕೆಳಗಾಗಿ ನಿಂತರೂ ನೀವು ಏನು ಕೆಟ್ಟಿದೆ ಎಂದು ಹೇಳುತ್ತಿರಲಿಲ್ಲ. ಆ ಮಾತನ್ನು ನನ್ನ ಬರಹಗಳ ಕೊನೆಗೆ ಹಾಕಿಕೊಳ್ಳಲೇ? "ಬಿಚ್ಚಿ ನೋಡಿ ಬರೆದದ್ದು" ಎಂದು. ನನಗೂ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ. ಕಲಿಸಿದವರು ನೀವೇ.

ದೊಡ್ಡಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಅಷ್ಟು ಹೇಳಿಬಿಡಿ.

ಮುನಿಸಿಕೊಂಡೇ ಇರುವ,
ಸೂಜಿ


ಫೆಬ್ರವರಿ ೨೧

ಸೂಜಿಗೆ,

ಕಾಗದ ಬಂತು. ಇಲ್ಲಿ ಮನುಷ್ಯರೆಲ್ಲ ಕ್ಷೇಮ. ಮೆಷಿನ್‌ಗಳು ಕ್ಷೇಮವಿಲ್ಲ, ಆದ್ದರಿಂದಲೇ ನಾವು ಕ್ಷೇಮ.

ದಲ್ಲಾಳಿ ಎಂದದ್ದು ತಪ್ಪಾಯಿತು. ಅಂದ ಮೇಲೆ ನನಗೇ ಸರಿ ಕಾಣಲಿಲ್ಲ. ಆದರೆ ಎಲ್ಲರೂ ನಗುತ್ತಿದ್ದರಲ್ಲ, ವಾಪಸ್ಸು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ನನ್ನ ಮಾತಿಗೆ ಜನ ನಗುವುದು ವರ್ಷಕ್ಕೊಮ್ಮೆ. ಮಾತು ಆಡಿದರೆ ಹೋಯಿತು ಎಂದು ನಿಮಗೆಲ್ಲ ಬುದ್ಧಿ ಹೇಳುವವನು ನಾನೇ. ಹೊಟ್ಟೆಗೆ ಹಾಕಿಕೋ.

ನಿನ್ನ ಮೊದಲ ಸಾಲು ನನಗೆ ಹಿಡಿಸಿತು. ಪಾಲು ಬರುತ್ತದೆ ಎಂದು ಮುಂಚೆಯೇ ಹೇಳಿದರೆ ಕೇಳುವವನು ನಿನ್ನ ಮಾತನ್ನು ತೂಗಿ ನೋಡುತ್ತಾನೆ. ತೂಗಲಿ. ತೂಕಕ್ಕೆ ಬಂದರೆ ತೆಗೆದುಕೊಳ್ಳುತ್ತಾನೆ.

ಇನ್ನು ಕೊನೆಯ ಸಾಲಿನ ವಿಷಯ. ಅದನ್ನು ನನ್ನದು ಎಂದುಕೊಂಡು ಕೇಳಿದ್ದೀಯ. ಅದು ಯಾರು ಬಿಚ್ಚುತ್ತಾರೋ ಅವರದು. ಅಂಗಡಿ ಹಾಕಿದ ಮೊದಲ ವರ್ಷ ಒಬ್ಬ ಟೈಲರ್ ಮೆಷಿನ್ ತಂದಿಟ್ಟ. ನಾನು ಸದ್ದು ಕೇಳಿಯೇ, "ಬೆಲ್ಟು ಸಡಿಲ, ನಾಳೆ ಬನ್ನಿ" ಅಂದೆ. ಆಗ ಎರಡು ಕಿವಿಯೂ ನೆಟ್ಟಗಿದ್ದವು, ಅಹಂಕಾರವೂ ಇತ್ತು. ಬಿಚ್ಚಿದರೆ ಒಳಗೆ ಒಂದು ಗುಂಡಿ. ಅಂಗಿಯ ಗುಂಡಿ ಗೇರಿನ ಹಲ್ಲುಗಳ ಮಧ್ಯೆ ಕೂತಿತ್ತು. ಅದನ್ನು ತೆಗೆದೆ, ಸರಿಹೋಯಿತು. ಹೊಸ ಬೆಲ್ಟು ಹಾಕುತ್ತಾರೆ ಎಂದುಕೊಂಡು ಬಂದವನಿಗೆ ಗುಂಡಿ ತೋರಿಸಿದಾಗ ಅವನು ನನ್ನ ಮುಖ ನೋಡಿದ ನೋಟ ಇನ್ನೂ ನೆನಪಿದೆ. ಅವತ್ತಿನಿಂದ ಚೀಟಿ.

ಹಾಕಿಕೋ. ಬಿಚ್ಚಿದ್ದಕ್ಕೆ ಮಾತ್ರ ಹಾಕು.

ನಿನ್ನ,
ದೊಡ್ಡಪ್ಪ

ದೊಡ್ಡಮ್ಮ ಬರೆಯುವುದು: ನಿನ್ನ ಕಾಗದವನ್ನು ಇವರು ಮೂರು ಸಲ ಓದಿದರು. "ಸಿಟ್ಟಲ್ಲೂ ಚೆನ್ನಾಗಿ ಬರೀತಾಳೆ" ಅಂದರು. ನಿನಗೆ ಹೇಳಬಾರದು ಎಂದರು, ಅದಕ್ಕೇ ಹೇಳುತ್ತಿದ್ದೇನೆ.


ಏಪ್ರಿಲ್ ೩

ದೊಡ್ಡಪ್ಪನಿಗೆ ಮತ್ತು ಗುಟ್ಟು ನಿಲ್ಲದ ದೊಡ್ಡಮ್ಮನಿಗೆ,

ಸಿಟ್ಟು ಹೋಯಿತು. ಇಷ್ಟು ಬೇಗ ಹೋದದ್ದಕ್ಕೆ ನನಗೇ ಸ್ವಲ್ಪ ಬೇಜಾರು.

ಸೂಜಿಮನೆ ನಡೆಯುತ್ತಿದೆ. ನಡೆಯುವುದೇನು, ಓಡುತ್ತಿದೆ. ಕಿಟಕಿ ಪಕ್ಕ ಮೇಜು, ಮೇಜಿನ ಮೇಲೆ ಮೆಷಿನ್, ಮೆಷಿನ್ ಪಕ್ಕ ಕಂಪ್ಯೂಟರ್, ಎರಡರ ನಡುವೆ ನಾನು. ಬೆಳಿಗ್ಗೆ ಹೊಲಿಯುತ್ತೇನೆ, ಮಧ್ಯಾಹ್ನ ಬಿಚ್ಚುತ್ತೇನೆ, ಸಂಜೆ ಬರೆಯುತ್ತೇನೆ. ಮೊದಲ ಸಲ ಬಾಡಿಗೆಯನ್ನು ಬ್ಲಾಗಿನ ದುಡ್ಡಿನಲ್ಲೇ ಕಟ್ಟಿದೆ. ಮನೆಯ ಮಾಲೀಕರಿಗೆ ಅದನ್ನೂ ಹೇಳಿದೆ. "ದುಡ್ಡು ದುಡ್ಡೇ ಅಲ್ವೇನಮ್ಮ" ಎಂದು ಬಾಗಿಲು ಹಾಕಿಕೊಂಡರು.

ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡದ್ದು "ಮೊದಲ ಮೆಷಿನ್ ಯಾವುದು ಕೊಳ್ಳಲಿ" ಎಂಬ ಬರಹ. ಒಂದು ಕಂಪನಿಯವರು ಬಿಳಿ ಬಣ್ಣದ ಪುಟ್ಟ ಕರೆಂಟ್ ಮೆಷಿನ್ ಕಳಿಸಿದ್ದರು. ಒಂದು ಕೈಯಲ್ಲಿ ಎತ್ತಬಹುದು. ಮೂರು ವಾರ ಇಟ್ಟುಕೊಂಡು ದಿಂಬಿನ ಚೀಲ, ಪರದೆ, ಎರಡು ಜುಬ್ಬ ಹೊಲಿದೆ. ಹೊಲಿಗೆ ನೀಟು, ಸದ್ದು ಕಡಿಮೆ. ಚೆನ್ನಾಗಿದೆ ಎಂದು ಬರೆದೆ. ಈಗ ಎಲ್ಲಿ ನೋಡಿದರೂ ಆ ಪುಟವೇ. ಕೆಳಗೆ ಜನ ಬರೆಯುವುದನ್ನು ನೀವು ಓದಬೇಕು. ಒಬ್ಬ ಅಜ್ಜಿ, "ಬೇರೆಯವರು ಡಬ್ಬದ ಮೇಲಿರೋದನ್ನ ಓದಿ ಹೇಳ್ತಾರೆ, ನೀನು ಬಿಚ್ಚಿ ನೋಡ್ತೀಯಲ್ಲ ಮಗಳೇ, ಅದಕ್ಕೇ ನಿನ್ನ ನಂಬಿದೀನಿ" ಎಂದು ಬರೆದಿದ್ದಾರೆ.

ನಿಮ್ಮ ಸಾಲೇ ನನ್ನನ್ನು ಸಾಕುತ್ತಿದೆ ದೊಡ್ಡಪ್ಪ. ಬಂದಾಗ ನಿಮಗೊಂದು ಒಳ್ಳೆಯ ಮೇಜುದೀಪ ತರುತ್ತೇನೆ. ಆ ಹಳೆಯದರ ಬೆಳಕಿನಲ್ಲಿ ಕಿವಿಯ ಜೊತೆ ಕಣ್ಣೂ ರಜೆ ಹಾಕೀತು.

ಪ್ರೀತಿಯ,
ಸೂಜಿ


ಮೇ ೧೨

ಸೂಜಿಗೆ,

ದೀಪ ಬೇಡ. ಈ ದೀಪಕ್ಕೂ ನನಗೂ ಹೊಂದಾಣಿಕೆಯಾಗಿದೆ.

ಒಂದು ಸುದ್ದಿ. ಮೊನ್ನೆ ಅಂಗಡಿಗೆ ಒಬ್ಬ ನರ್ಸಮ್ಮ ಬಂದರು. ಹೆರಿಗೆ ವಾರ್ಡಿನವರು. ಬಿಡುವಿದ್ದಾಗ ಹುಟ್ಟಿದ ಕೂಸುಗಳಿಗೆ ಟೋಪಿ ಹೊಲಿದುಕೊಡುತ್ತಾರಂತೆ. ಕೈಯಲ್ಲಿ ಬಿಳಿ ಮೆಷಿನ್. ಮಗನ ಶಾಲೆಯ ಚೀಲ ಕಿತ್ತುಹೋಗಿತ್ತು, ಅದನ್ನು ಹೊಲಿಯಲು ಕೂತರೆ ಒಳಗೆ ಕಟಕ್ ಎಂದು ನಿಂತುಬಿಟ್ಟಿತಂತೆ. ಕೊಂಡು ಆರು ವಾರ. "ನೋಡಿ ಮಾಡಿ ತಗೊಂಡಿದ್ದು ಸಾರ್" ಎಂದು ಬ್ಯಾಗಿನಿಂದ ಒಂದು ಕಾಗದ ತೆಗೆದರು. ನಿನ್ನ ಬರಹವನ್ನು ಆಸ್ಪತ್ರೆಯಲ್ಲೇ ಯಾರ ಕೈಯಲ್ಲೋ ಪ್ರಿಂಟ್ ತೆಗೆಸಿ, ಮಡಚಿ ಇಟ್ಟುಕೊಂಡಿದ್ದಾರೆ. "ಸೂಜಿಮನೆ ಅಂತ ಇದೆ. ಆ ಹುಡುಗಿ ಸುಮ್ಮನೆ ಹೊಗಳಲ್ಲ, ಬಿಚ್ಚಿ ನೋಡೇ ಬರೆಯೋದು" ಅಂದರು. ನಾನು ಓದಿದೆ. ಚೆನ್ನಾಗಿ ಬರೆದಿದ್ದೀಯ. ಓದಿದರೆ ನನಗೂ ಒಂದು ಕೊಳ್ಳೋಣ ಅನ್ನಿಸಿತು.

ಮೆಷಿನ್ ಬಿಚ್ಚಿದೆ. ಕೆಳಗಿನ ದಾರದ ಶಟಲ್ ತಿರುಗಿಸುವ ಗೇರು ಪ್ಲಾಸ್ಟಿಕ್ಕಿನದು, ಹಲ್ಲು ಮೂರು ಉದುರಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಯಾರೋ ಮೆಷಿನ್ ರಿಪೇರಿಯವನೇ ಮಾಡಿರಬೇಕು.

ಒಂದು ವಿಷಯ ಕೇಳಬೇಕು, ನನ್ನ ಕಲಿಕೆಗೆ. ಅದರ ಅಡಿಯ ತಟ್ಟೆ ಸುಲಭಕ್ಕೆ ಬರಲಿಲ್ಲ. ಕಾಣುವ ಸ್ಕ್ರೂ ಎಲ್ಲ ತೆಗೆದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಂದು ಸ್ಕ್ರೂ ಅಡಗಿಸಿಟ್ಟ ಜಾಗ ಸಿಕ್ಕಿತು, ಅಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ನೀನು ಎಲ್ಲಿಂದ ಬಿಚ್ಚಿದೆ? ಬೇರೆ ಸಲೀಸಾದ ದಾರಿ ಇದ್ದರೆ ತಿಳಿಸು.

ದೊಡ್ಡಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಳೆ. ಮೆಷಿನ್ ಎಣ್ಣೆಯೇ ಹಚ್ಚು ಅಂದೆ, ಊಟಕ್ಕೆ ಕರೆಯುತ್ತಿಲ್ಲ.

ನಿನ್ನ,
ದೊಡ್ಡಪ್ಪ


ಮೇ ೨೩

ದೊಡ್ಡಪ್ಪನಿಗೆ,

ಕಾಗದ ತಲುಪಿತು. ದೊಡ್ಡಮ್ಮನ ಮೊಣಕಾಲು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೊಳ್ಳಲು ಹೇಳಿ. ಬಟ್ಟೆಯ ಹೊದಿಕೆ ಹಾಕಿಯೇ ಇಡಬೇಕು, ನಾನೇ ಒಂದು ಹೊಲಿದು ಕಳಿಸುತ್ತೇನೆ.

ನರ್ಸಮ್ಮನ ಮೆಷಿನ್ ವಿಷಯ ಓದಿ ಬೇಸರವಾಯಿತು. ಸಾವಿರಾರು ಮೆಷಿನ್ ಮಾಡುವಾಗ ಒಂದೆರಡು ಕೆಡುವುದು ಇದ್ದದ್ದೇ ಅಲ್ಲವೇ? ಶಾಲೆಯ ಚೀಲ ದಪ್ಪ ಬಟ್ಟೆ ಬೇರೆ. ಇಷ್ಟು ಪುಟ್ಟ ಮೆಷಿನ್ನಿಗೆ ಅದು ಭಾರವೇ. ಈಗಿನ ಮೆಷಿನ್‌ಗಳ ಒಳಗೆ ಪ್ಲಾಸ್ಟಿಕ್ ಇರುವುದು ಸಾಮಾನ್ಯ ಎಂದು ಎಲ್ಲರೂ ಹೇಳುತ್ತಾರೆ. ಗ್ಯಾರಂಟಿ ಇದ್ದರೆ ಕಂಪನಿಯವರೇ ಬದಲಿಸಿ ಕೊಡಬಹುದು, ಅವರಿಗೆ ತಿಳಿಸಿ.

ಇಲ್ಲಿ ಸೆಕೆ. ಪಕ್ಕದ ಮನೆಯವರು ಬೆಕ್ಕು ತಂದಿದ್ದಾರೆ, ಅದು ನನ್ನ ದಾರದ ಉಂಡೆಗಳ ಮೇಲೆ ಕಣ್ಣು ಹಾಕಿದೆ. ಬರೆಯುವುದು ಬಹಳ ಇದೆ, ಇವತ್ತಿಗೆ ಇಷ್ಟು ಸಾಕು.

ಸೂಜಿ


ಜೂನ್ ೨

ಸೂಜಿಗೆ,

ಮೊಣಕಾಲು ವಾಸಿ. ಹೊದಿಕೆ ಬಂತು, ಅಂಚಿನ ಹೊಲಿಗೆ ಚೆನ್ನಾಗಿದೆ.

ಎಲ್ಲಿಂದ ಬಿಚ್ಚಿದೆ ಎಂಬುದನ್ನು ಬರೆಯಲು ಮರೆತಿದ್ದೀಯ.

ದೊಡ್ಡಪ್ಪ

ದೊಡ್ಡಮ್ಮ ಬರೆಯುವುದು: ಇವರು ಕೂತಲ್ಲಿ ಕೂರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಮೊನ್ನೆ ಸಕ್ಕರೆ ಡಬ್ಬಕ್ಕೆ ಉಪ್ಪು ಸುರಿದರು. ಏನಿದ್ದರೂ ಬರೆದುಬಿಡು ಮಗಳೇ. ಬೈದರೆ ನಾನಿದ್ದೇನೆ.


ಜೂನ್ ೧೦

ದೊಡ್ಡಪ್ಪನಿಗೆ,

ಬಿಚ್ಚಲಿಲ್ಲ.

ಈ ಒಂದು ಪದ ಬರೆಯಲು ನಾಲ್ಕು ಹಾಳೆ ಹರಿದೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನಿಮಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ನಿಮಗೆ ನನ್ನಿಂದ ಕಲಿಯುವುದೇನಿದೆ? ಆದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಒಂದು ಕಾಗದ ಬರೆದು ಕಳಿಸಿದೆ. ಬೆಕ್ಕಿನ ಕಥೆ ಬೇರೆ. ಅದನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು.

ನಡೆದದ್ದು ಇದು. ಕಂಪನಿಯವರು ಮೆಷಿನ್ನಿನ ಅಡಿಗೆ ಒಂದು ಸೀಲ್ ಅಂಟಿಸಿ ಕಳಿಸಿದ್ದರು. ಅದು ಹರಿದರೆ ಮೆಷಿನ್ ವಾಪಸ್ಸು ತೆಗೆದುಕೊಳ್ಳುವುದಿಲ್ಲ, ಪೂರ್ತಿ ಬೆಲೆ ಕಟ್ಟಬೇಕು. ಆಗಷ್ಟೇ ಕೆಲಸ ಬಿಟ್ಟಿದ್ದೆ. ಹೊಲಿಗೆ ಚೆನ್ನಾಗಿಯೇ ಬರುತ್ತಿತ್ತು. ಹೊಲಿದು ನೋಡಿದ್ದನ್ನಷ್ಟೇ ಬರೆದೆ. ಒಳಗಿನದರ ಬಗ್ಗೆ ಒಂದಕ್ಷರವೂ ಬರೆಯಲಿಲ್ಲ, ಬೇಕಾದರೆ ಮತ್ತೆ ಓದಿ ನೋಡಿ. ಆದರೆ ಕೊನೆಯ ಸಾಲನ್ನು ನಾನು ಪ್ರತಿ ಸಲ ಕೈಯಾರೆ ಬರೆಯುವುದಿಲ್ಲ. ಎಲ್ಲ ಬರಹಗಳ ಕೊನೆಗೂ ತಾನಾಗಿ ಬರುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದೆ. ಅದಕ್ಕೂ ಬಂತು.

ಇಲ್ಲಿಗೆ ನಿಲ್ಲಿಸಿದರೆ ಇದು ಕಂಪ್ಯೂಟರಿನ ತಪ್ಪು. ನಿಲ್ಲಿಸೋಣ ಎಂದುಕೊಂಡೇ ಕೂತಿದ್ದೆ. ಆದರೆ ಎರಡನೇ ದಿನವೇ ನಾನು ಆ ಸಾಲನ್ನು ಅಲ್ಲಿ ನೋಡಿದೆ ದೊಡ್ಡಪ್ಪ. ತೆಗೆಯಲು ಅರ್ಧ ನಿಮಿಷ ಸಾಕು. ತೆಗೆಯಲು ಹೋದಾಗಲೇ ಆ ಅಜ್ಜಿಯ ಮಾತು ಬಂತು, ಬಿಚ್ಚಿ ನೋಡುತ್ತೀಯ ಎಂದು ನಿನ್ನನ್ನು ನಂಬಿದ್ದೇನೆ ಎಂದು. ಈಗ ತೆಗೆದರೆ ಅವರೇನು ಅಂದುಕೊಳ್ಳುತ್ತಾರೆ ಎಂದು ಬಿಟ್ಟೆ. ನಾಳೆ ತೆಗೆಯೋಣ ಎಂದೆ. ನಾಳೆ ಇನ್ನಷ್ಟು ಜನ ಓದಿದರು. ಎಣ್ಣೆ ಬರುವಾಗ ಕಣ್ಣು ಮುಚ್ಚಿಕೊಂಡೆ.

ಉಳಿದ ಮೆಷಿನ್‌ಗಳನ್ನೆಲ್ಲ ಬಿಚ್ಚಿಯೇ ಬರೆದಿದ್ದೇನೆ. ಇದನ್ನು ಹೇಳುವಾಗಲೇ ಗೊತ್ತಾಗುತ್ತಿದೆ, ಇನ್ನು ಈ ಮಾತಿಗೂ ಬೆಲೆ ಇಲ್ಲ. ಒಂದಕ್ಕೆ ಸುಳ್ಳು ಹೇಳಿದವಳು ಉಳಿದವಕ್ಕೆ ಹೇಳಿರಲಿಕ್ಕಿಲ್ಲ ಎಂದು ಯಾರು ನಂಬುತ್ತಾರೆ? ಈ ಮನೆ, ಈ ಕಿಟಕಿ, ಮೇಜು ಎಲ್ಲ ಆ ಒಂದು ಪುಟದ ಮೇಲೆ ನಿಂತಿವೆ. ಸದ್ದಿಲ್ಲದೆ ಪುಟವನ್ನೇ ಅಳಿಸಿಬಿಡಲೇ? ಎಲ್ಲರಿಗೂ ಹೇಳಲೇ? ಹೇಳಿದರೆ ಸೂಜಿಮನೆ ಮುಚ್ಚಬೇಕಾಗುತ್ತದೆ, ನನಗೆ ಹೆದರಿಕೆಯಾಗುತ್ತಿದೆ.

ಬೈಯಿರಿ. ಬೈಯದೆ ಸುಮ್ಮನಿರಬೇಡಿ, ಅದನ್ನು ತಡೆದುಕೊಳ್ಳಲಾರೆ.

ನಿಮ್ಮ ಸಾಲು ಕೆಡಿಸಿದ,
ಸೂಜಿ


ಜೂನ್ ೧೮

ಮಗಳೇ,

ಬೈಯುವುದನ್ನು ಮೊದಲು ಮುಗಿಸುತ್ತೇನೆ. ಕತ್ತೆ. ಮುಗಿಯಿತು.

ನಿನ್ನ ಕಾಗದ ಓದಿದ ಮೇಲೆ ನಾನು ಸಂಜೆ ಅಂಗಡಿ ತೆರೆಯಲಿಲ್ಲ. ಸಿಟ್ಟಿನಿಂದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗಾಯಿತು ನನ್ನ ಪಾಡು. ನರ್ಸಮ್ಮ ಅಂಗಡಿಗೆ ಮೂರು ಸಲ ಬಂದರು. ಮೂರು ಸಲವೂ ಸೂಜಿಮನೆಯ ಹುಡುಗಿಯ ವಿಷಯ ಬಂತು. ಮೊದಲ ಸಲ ಹೊಗಳಿದರು. ಎರಡನೇ ಸಲ, "ಅವಳು ಬಿಚ್ಚಿ ನೋಡಿದ್ರೆ ಈ ಗೇರು ಕಾಣಿಸ್ಲಿಲ್ವಾ ಸಾರ್?" ಅಂದರು. ಮೂರನೇ ಸಲ ಆ ಪ್ರಿಂಟನ್ನು ನನ್ನ ಮೇಜಿನ ಕೆಳಗಿನ ಕಸದಬುಟ್ಟಿಗೆ ಹಾಕಿದರು. ಅವಳು ನನ್ನ ತಮ್ಮನ ಮಗಳು, ನನ್ನ ಅಂಗಡಿಯಲ್ಲೇ ಕಲಿತವಳು ಎಂದು ನಾನು ಬಾಯಿ ಬಿಡಲಿಲ್ಲ. ಕಿವಿ ಕೇಳಿಸದವನ ಹಾಗೆ ಕೂತೆ. ಕಿವುಡಿನಿಂದ ಇಷ್ಟು ಉಪಯೋಗವಾದದ್ದು ಇದೇ ಮೊದಲು. ಆದ್ದರಿಂದ ನೀನೊಬ್ಬಳೇ ಮುಚ್ಚಿಟ್ಟವಳು ಎಂದುಕೊಳ್ಳಬೇಡ. ಒಂದೇ ಮನೆತನದವರು ನಾವು.

ಪುಟ ಅಳಿಸಬೇಡ. ಮೆಷಿನ್ ಕೆಟ್ಟವರು ಯಾಕೆ ಕೆಟ್ಟಿತು ಎಂದು ಹುಡುಕಿಕೊಂಡು ಬರುವುದು ಅದೇ ಪುಟಕ್ಕೆ. ಬಂದವರಿಗೆ ಅಲ್ಲಿ ಬಾಗಿಲು ಹಾಕಿದ್ದರೆ? ಬಿಚ್ಚಿರಲಿಲ್ಲ ಎಂದು ಅದರ ಮೇಲೇ ಬರೆ. ಎರಡನೇ ದಿನದ್ದನ್ನೂ ಬರೆ, ಅದನ್ನು ಬಿಟ್ಟು ಬರೆದರೆ ಇನ್ನೊಂದು ಸೀಲ್ ಅಂಟಿಸಿದಂತೆ.

ಬರೀ ಅತ್ತುಕೊಂಡು ಬರೆಯಬೇಡ. ಈಗಾಗಲೇ ಕೊಂಡವರಿಗೆ ಕೊಳ್ಳಬೇಡಿ ಎಂದರೆ ಏನು ಬಂತು? ಅವರ ಮನೆಯಲ್ಲಿ ಮೆಷಿನ್ ಕೂತಿದೆ. ಅದನ್ನು ಇಟ್ಟುಕೊಂಡು ಹೇಗೆ ಬಾಳಿಸಬೇಕು ಎಂದು ಹೇಳು. ನಾನು ನೋಡಿದ್ದು ಇಷ್ಟು: ತೆಳು ಬಟ್ಟೆಗೆ ಆ ಗೇರು ಸಾಕು. ದಪ್ಪ ಬಟ್ಟೆಯನ್ನು ಎರಡು ಪದರಕ್ಕಿಂತ ಹೆಚ್ಚು ಹಾಕಿದರೆ ಹಲ್ಲು ಹೋಗುತ್ತದೆ. ದಪ್ಪ ಅಂಚು ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ಉಳಿಯುತ್ತದೆ. ಸೀಲ್ ಅಂಟಿಸಿದ್ದ ಜಾಗ, ಅಡಗಿದ ಸ್ಕ್ರೂ, ಗೇರು ಬದಲಿಸುವ ಕ್ರಮ, ಎಲ್ಲ ಈ ಹಾಳೆಯ ಹಿಂಬದಿಯಲ್ಲಿ ಚಿತ್ರ ಬಿಡಿಸಿದ್ದೇನೆ. ಆದರೆ ನನ್ನ ಚಿತ್ರ ನೋಡಿ ಬರೆಯಬೇಡ. ಒಂದು ಮೆಷಿನ್ ನಿನ್ನ ದುಡ್ಡಿನಲ್ಲೇ ಕೊಂಡು, ಬಿಚ್ಚಿ, ಆಮೇಲೆ ಬರೆ.

ಸೂಜಿಮನೆ ಮುಚ್ಚಿದರೆ ಇಲ್ಲಿ ಒಂದು ಸ್ಟೂಲು ಖಾಲಿ ಇದೆ. ಮುಚ್ಚದಿದ್ದರೂ ಇದೆ.

ನಿನ್ನ,
ದೊಡ್ಡಪ್ಪ


ಜುಲೈ ೧೪

ದೊಡ್ಡಪ್ಪನಿಗೆ,

ಬರೆದೆ. "ಈ ಮೆಷಿನ್ನನ್ನು ನಾನು ಬಿಚ್ಚಿ ನೋಡಿರಲಿಲ್ಲ" ಎಂದೇ ತಲೆಬರಹ. ಹಳೆಯ ಬರಹವನ್ನು ಅಳಿಸದೆ ಕೆಳಗೆ ಹಾಗೆಯೇ ಉಳಿಸಿದೆ, ಕೊಂಡಿ ಮಾತ್ರ ತೆಗೆದೆ. ಸೀಲ್ ವಿಷಯ ಹೇಳಿದೆ, ಎರಡನೇ ದಿನದ್ದನ್ನೂ ಹೇಳಿದೆ. ಮೆಷಿನ್ ಕೊಂಡು ತಂದು ಬಿಚ್ಚಿದೆ. ನಿಮ್ಮ ಚಿತ್ರವಿಲ್ಲದೆ ಬಿಚ್ಚಬೇಕೆಂದು ಹಟ ಹಿಡಿದು ಮುಕ್ಕಾಲು ಗಂಟೆ ತೆಗೆದುಕೊಂಡೆ. ಆ ಸ್ಕ್ರೂವನ್ನು ಕಂಪನಿಯ ಹೆಸರಿನ ಪಟ್ಟಿಯ ಕೆಳಗೆ ಮುಚ್ಚಿಟ್ಟಿದ್ದಾರಲ್ಲ, ಕಂಡಾಗ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮನೆಯವರು ಗೋಡೆ ತಟ್ಟಿದರು.

ಏನಾಯಿತು ಎಂದು ಕೇಳುತ್ತೀರಿ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನದಿಂದ ಬೈಗುಳ. ಒಬ್ಬರು, "ಇಷ್ಟು ದಿನ ನಮ್ಮ ಕಿವಿಗೆ ಹೂವು ಮುಡಿಸಿ ಈಗ ನೀತಿಪಾಠ ಬೇರೆ" ಎಂದರು. ಇನ್ನೊಬ್ಬರು, ಇನ್ನು ನಿನ್ನ ಒಂದು ಮಾತೂ ನಂಬುವುದಿಲ್ಲ ಎಂದು ಬರೆದು, ಮಾರನೇ ದಿನ ಬಂದು ಇನ್ನೊಮ್ಮೆ ಅದನ್ನೇ ಬರೆದರು. ಎಲ್ಲರಿಗೂ ಉತ್ತರ ಕೊಟ್ಟೆ. ಸಮಜಾಯಿಷಿ ಹೇಳಲಿಲ್ಲ. ಹೌದು, ತಪ್ಪಾಯಿತು, ನಿಮ್ಮ ಮೆಷಿನ್ ಹೇಗಿದೆ ಎಂದು ಕೇಳಿದೆ. ಕೇಳಿದ್ದಕ್ಕೆ ಕೆಲವರು ಹೇಳಿದರು. ಹದಿನೇಳು ಜನರ ಗೇರು ಹೋಗಿದೆ. ಅವರಲ್ಲಿ ಒಂಬತ್ತು ಜನ ತಾವೇ ಬದಲಿಸಿಕೊಂಡಿದ್ದಾರೆ, ಚಿತ್ರ ಕಳಿಸಿದ್ದಾರೆ. ಒಬ್ಬ ಬಸ್ ಡ್ರೈವರ್ ಹೆಂಡತಿಯ ಮೆಷಿನ್ ಸರಿಮಾಡಿ, ಎಣ್ಣೆ ಮೆತ್ತಿದ ಹೆಬ್ಬೆರಳಿನ ಫೋಟೋ ಹಾಕಿದ್ದಾರೆ.

ಆ ಅಜ್ಜಿ ಏನೂ ಬರೆಯಲಿಲ್ಲ. ದಿನಾ ನೋಡುತ್ತೇನೆ.

ಓದುವವರು ಅರ್ಧಕ್ಕಿಂತ ಕಡಿಮೆಯಾಗಿದ್ದಾರೆ. ಕಂಪನಿಯವರು ಮೆಷಿನ್ ಕಳಿಸುವುದನ್ನು ನಿಲ್ಲಿಸಿದರು, ಅದು ಒಳ್ಳೆಯದೇ ಆಯಿತು. ಇನ್ನು ಸೀಲ್ ಅಂಟಿಸಿದ್ದನ್ನು ಒಪ್ಪಿಕೊಳ್ಳುವುದಿಲ್ಲ. ಬ್ಲಾಗಿನಿಂದ ಬರುವುದು ಬಾಡಿಗೆಗೆ ಸಾಲದು, ಆದ್ದರಿಂದ ಹಳೆಯ ಕಾರ್ಖಾನೆಯಲ್ಲೇ ಅರ್ಧ ದಿನದ ಕೆಲಸ ಕೇಳಿ ತೆಗೆದುಕೊಂಡೆ. ನಿಮ್ಮ ಬಲಗಿವಿಯ ಹಾಗೆ. ಬೆಳಿಗ್ಗೆ ಅಲ್ಲಿ ಅಂಗಿಗಳ ಹೊಲಿಗೆ ಪರೀಕ್ಷೆ, ಮಧ್ಯಾಹ್ನ ಇಲ್ಲಿ. ಕೊನೆಯ ಸಾಲು ಈಗ ತಾನಾಗಿ ಬರುವುದಿಲ್ಲ. ಬಿಚ್ಚಿದ್ದಕ್ಕೆ ಬಿಚ್ಚಿದೆ, ಬಿಚ್ಚದ್ದಕ್ಕೆ ಬಿಚ್ಚಿಲ್ಲ ಎಂದು ಪ್ರತಿ ಸಲ ಕೈಯಾರೆ ಬರೆಯುತ್ತೇನೆ.

ಒಂದು ನಿಜ ಹೇಳಲೇ? ನನಗೆ ನೆಮ್ಮದಿಯಾಗಿದೆ. ಮುಂಚೆ ಯಾರಾದರೂ ಬರೆದರೆ ತೆರೆದು ಓದುವುದನ್ನೇ ಮುಂದೂಡುತ್ತಿದ್ದೆ. ಈಗ ಬೈದವರದ್ದನ್ನೂ ಕಾಫಿ ಕುಡಿಯುತ್ತಾ ಓದುತ್ತೇನೆ.

ನರ್ಸಮ್ಮನಿಗೆ ನೀವು ಹೇಳಿದಿರಾ? ಹೇಳದಿದ್ದರೆ ಬೇಡ. ಅವರಿಗೆ ನಾನೇ ಕಾಗದ ಬರೆಯುತ್ತೇನೆ, ವಿಳಾಸ ಕಳಿಸಿ.

ಪ್ರೀತಿಯ,
ಸೂಜಿ


ಆಗಸ್ಟ್ ೨

ಸೂಜಿಗೆ,

ನಿನ್ನ ಕಾಗದ ಬರುವ ಮೊದಲೇ ಹೇಳಿದ್ದೆ. ನಿನಗೆ ಬರೆಯಲಿಲ್ಲ, ಯಾಕೆಂದರೆ ಹೇಳಿದ್ದು ಚೆನ್ನಾಗಿ ಆಗಿರಲಿಲ್ಲ.

ತಡವಾಗಿ ಬಂದ ಹೊಸ ಗೇರು ಹಾಕಿ ಮೆಷಿನ್ ಕೊಡುವಾಗ, "ನಿಮಗೊಂದು ಮಾತು ಹೇಳೋದಿದೆ. ಸೂಜಿಮನೆ ಹುಡುಗಿ ನನ್ನ ತಮ್ಮನ ಮಗಳು. ಅವಳು ಬಿಚ್ಚಿರಲಿಲ್ಲ. ನಂಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ" ಅಂದೆ. ನರ್ಸಮ್ಮ ನನ್ನನ್ನೊಮ್ಮೆ, ಮೆಷಿನ್ನನ್ನೊಮ್ಮೆ ನೋಡಿದರು. ಕೂಲಿ ಬೇಡ ಅಂದೆ. ಮೇಜಿನ ಮೇಲೆ ದುಡ್ಡಿಟ್ಟು ಹೋದರು. ಇಷ್ಟು ವರ್ಷದಲ್ಲಿ ಗಿರಾಕಿಗಳು ಬೈದಿದ್ದಾರೆ, ಕೂಗಾಡಿದ್ದಾರೆ, ಒಬ್ಬ ಕತ್ತರಿ ಎಸೆದಿದ್ದ. ಇಷ್ಟು ಅವಮಾನ ಯಾವತ್ತೂ ಆಗಿರಲಿಲ್ಲ. ಎರಡು ವಾರ ಅವರು ಅಂಗಡಿ ಮುಂದೆ ಹಾದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಒಳಗೆ ಸ್ಕ್ರೂ ಹುಡುಕುವವನ ಹಾಗೆ ಬಗ್ಗಿಕೊಂಡಿರುತ್ತಿದ್ದೆ.

ನಿನ್ನೆ ಬಂದರು. ಕೈಯಲ್ಲಿ ಮತ್ತೆ ಪ್ರಿಂಟು, ಈ ಸಲ ನಿನ್ನ ಹೊಸ ಬರಹದ್ದು. ವಾರ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ. ನಾನು ಬಗ್ಗಿದ್ದವನು ಏಳಲಿಲ್ಲ. "ಏಳಿ ಸಾರ್, ಅಲ್ಲೇನೂ ಬಿದ್ದಿಲ್ಲ" ಅಂದರು. ಎದ್ದೆ. "ನಮ್ಮ ವಾರ್ಡಲ್ಲಿ ಹೊಸಬಳೊಬ್ಬಳಿಗೆ ಮೆಷಿನ್ ಬೇಕಂತೆ. ಟೋಪಿ ಹೊಲಿಯೋಕೆ ನಂಗೂ ಜೊತೆ ಬೇಕು. ಆ ಹುಡುಗಿ ಇಲ್ಲಿಗೆ ಯಾವಾಗ ಬರ್ತಾಳೆ?" ಎಂದು ಕೇಳಿದರು. ಯಾಕೆ ಅಂದೆ. "ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಬೈಬೇಕು. ಆಮೇಲೆ ಯಾವ ಮೆಷಿನ್ ತಗೊಳ್ಳಲಿ ಅಂತ ಕೇಳ್ಬೇಕು."

ನಾನು ಕಿವಿಗೆ ಕೈಯಿಟ್ಟು ಇನ್ನೊಮ್ಮೆ ಹೇಳಿಸಿದೆ. ಮೊದಲ ಸಲವೇ ಕೇಳಿಸಿತ್ತು.

ದೊಡ್ಡಮ್ಮ ನಿನ್ನ ಹಾಸಿಗೆಯ ಹೊದಿಕೆಗಳನ್ನು ಒಗೆದು ಹರವಿದ್ದಾಳೆ. ಯಾವಾಗ ಬರುತ್ತೀಯ, ತಿಳಿಸು.

ನಿನ್ನ,
ದೊಡ್ಡಪ್ಪ


ಆಗಸ್ಟ್ ೯

ದೊಡ್ಡಪ್ಪನಿಗೆ,

ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇನೆ. ನಿಮ್ಮ ಕಾಗದ ಓದಿ ಅತ್ತೆ. ದೊಡ್ಡಮ್ಮನಿಗೆ ಹೇಳಬೇಡಿ, ಎಲ್ಲರಿಗೂ ಬರೆದು ತಿಳಿಸಿಯಾರು.

ನರ್ಸಮ್ಮನಿಗೆ ಭಾನುವಾರ ಬಿಡುವು ಮಾಡಿಕೊಳ್ಳಲು ಹೇಳಿ. ಬೈಗುಳಕ್ಕೆ ಅವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಳ್ಳಲಿ, ನಡುವೆ ನಾನು ಬಾಯಿ ಹಾಕುವುದಿಲ್ಲ.

ಯಾವ ಮೆಷಿನ್ ಎಂಬುದಕ್ಕೆ ಮಾತ್ರ ಅವತ್ತೇ ಉತ್ತರ ಸಿಗುವುದಿಲ್ಲ ಎಂದು ಈಗಲೇ ತಿಳಿಸಿಬಿಡಿ. ನನಗೆ ಇನ್ನೂ ಗೊತ್ತಿಲ್ಲ.

ನಿಮ್ಮ,
ಸೂಜಿ